ಖಾಲಿ ಹಿನ್ನೆಲೆ

"ಸರ್, ಹನ್ನೆರಡು ವರ್ಷದಿಂದ ನಾವು ಖಾಲಿ ಹಿನ್ನೆಲೆ ಅಂತ ಕಳೀತಾ ಬಂದಿದೀವಲ್ಲ, ಅದು ಖಾಲಿ ಇಲ್ಲ."

ಸಂಶೋಧಕಿ ಇದನ್ನು ಬಾಗಿಲಲ್ಲಿ ನಿಂತೇ ಹೇಳಿದಳು. ಒಳಗೆ ಹೋಗಿ ಕೂತರೆ ಬಾಯಿಂದ ಮಾತು ಹೊರಡುತ್ತದೆಂಬ ಭರವಸೆ ಅವಳಿಗಿರಲಿಲ್ಲ. ತಿಂಗಳ ಕೊನೆಗೆ ಅವಳ ಕೆಲಸದ ಅವಧಿ ಮುಗಿಯುತ್ತಿತ್ತು. ಅದನ್ನು ಮುಂದುವರಿಸುವ ಸಹಿ ವಿಭಾಗದ ಮುಖ್ಯಸ್ಥರ ಕೈಯಲ್ಲಿತ್ತು. ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು 'ದೊಡ್ಡವರು' ಎಂದು.

ಧೂಳಿನ ಮರೆಯಲ್ಲಿ ಈಗಷ್ಟೇ ಹುಟ್ಟಿದ ನಕ್ಷತ್ರಗಳ ದೊಡ್ಡ ಗುಂಪುಗಳು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ದೂರದರ್ಶಕಕ್ಕೆ ಕಾಣುತ್ತವೆ. ಆದರೆ ಗುಂಪಿಗೆ ಸಂಬಂಧವೇ ಇಲ್ಲದ, ಹಿಂದೆ ಮುಂದೆ ಇರುವ ನಕ್ಷತ್ರಗಳೂ ಎಣಿಕೆಯಲ್ಲಿ ಸೇರಿಕೊಳ್ಳುತ್ತವೆ. ಅದಕ್ಕೇ ಗುಂಪಿನ ಪಕ್ಕದಲ್ಲಿ, ಆ ಗುಂಪಿನವರು ಯಾರೂ ಇಲ್ಲದ ಒಂದು ತುಂಡು ಆಕಾಶ ಆರಿಸಿ, ಅಲ್ಲಿರುವಷ್ಟನ್ನು ಕಳೆಯುತ್ತಾರೆ. ಅಂಗಡಿಯವನು ಎಣ್ಣೆ ತೂಗಿ ಡಬ್ಬದ ತೂಕ ಕಳೆದ ಹಾಗೆ. ಹೀಗೆ ಕಳೆದೂ ಕಳೆದೂ ದೊಡ್ಡವರು ಒಂದು ಸಿದ್ಧಾಂತ ಮಾಡಿದ್ದರು: ಭಾರಿ ನಕ್ಷತ್ರಗಳ ಗುಂಪಿನಲ್ಲಿ ಚಿಕ್ಕವು ಹುಟ್ಟುವುದೇ ಇಲ್ಲ. "ದೊಡ್ಡ ಮರದ ಕೆಳಗೆ ಹುಲ್ಲು ಬೆಳೆಯಲ್ಲ" ಎಂದು ಭಾಷಣದಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದರು. ಅದರ ಬಗ್ಗೆಯೇ ಬರೆಯಲು ಪತ್ರಿಕೆಯವನು ಆ ದಿನ ಹನ್ನೊಂದಕ್ಕೆ ಬರುವವನಿದ್ದ.

"ಅಂದ್ರೆ ಡಬ್ಬದಲ್ಲೇ ಎಣ್ಣೆ ಇತ್ತು ಅಂತೀಯಾ?" ಎಂದರು ದೊಡ್ಡವರು.

"ಹೌದು ಸರ್. ಚಿಕ್ಕವೂ ಹುಟ್ಟಿದಾವೆ. ಅಂಚಿಗೆ ಸರಿದು ನಿಂತಿದಾವೆ, ಅಷ್ಟೆ. ನಾವು ಅವನ್ನೇ ಹಿನ್ನೆಲೆ ಅಂದ್ಕೊಂಡ್ವಿ."

"ಆ ಜಾಗ ಆರಿಸಿದ ಪುಣ್ಯಾತ್ಮ ಯಾರು?"

ಅವಳು ಹಳೆಯ ದಾಖಲೆ ಪುಸ್ತಕ ತೆರೆದು ಮುಂದಿಟ್ಟಳು. 'ಇಲ್ಲಿ ಯಾರೂ ಇಲ್ಲ' ಎಂಬ ಸಾಲಿನ ಕೆಳಗೆ ದೊಡ್ಡವರದೇ ಸಹಿ ಇತ್ತು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ಓದಿದರು. ಕೊನೆಗೆ ಅವರು ನಕ್ಕುಬಿಟ್ಟರು. ತಪ್ಪು ಒಪ್ಪಿಕೊಳ್ಳದವನು ವಿಜ್ಞಾನಿಯೇ ಅಲ್ಲ ಎಂದರು, ಪೆನ್ನು ತೆಗೆದು ಅವಳ ಅರ್ಜಿಗೆ ಅಲ್ಲೇ ಸಹಿ ಹಾಕಿದರು, ಪತ್ರಿಕೆಗೆ ಇದನ್ನೇ ಹೇಳೋಣ, ನೀನೂ ಜೊತೆಗಿರು ಎಂದರು. ಇಂಥವರ ಬಗ್ಗೆ ಏನೆಲ್ಲ ಅಂದುಕೊಂಡಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಪತ್ರಿಕೆಯವನು ಹೇಳಿದ ಹೊತ್ತಿಗೆ ಬಂದ. ದೊಡ್ಡವರು ಮರೆಮಾಚದೆ ಎಲ್ಲ ಹೇಳಿದರು. ತಪ್ಪಿನ ಮಾತು ಬಂದಾಗ "ನಾವು" ಎಂದರು, ಕಂಡುಹಿಡಿದ ಮಾತು ಬಂದಾಗ "ನಾನು" ಎಂದರು. ಅವಳು ಮಾತಿನ ಭರದಲ್ಲಿ ಹಾಗಾಗಿರಬೇಕು ಎಂದುಕೊಂಡಳು. ಕಂಡುಹಿಡಿದದ್ದು ಯಾರು ಎಂಬ ಮರುಪ್ರಶ್ನೆಗೂ "ನಾನೇ" ಎಂದಾಗ ಹಾಗೆ ಅಂದುಕೊಳ್ಳಲಾಗಲಿಲ್ಲ.

ಗೋಡೆಯ ಮೇಲಿನ ನಕ್ಷತ್ರಗುಂಪಿನ ಚಿತ್ರದ ಮುಂದೆ ದೊಡ್ಡವರು ನಿಂತರು. ಪಕ್ಕದಲ್ಲಿ ಅವಳೂ ನಿಂತಳು. ಪತ್ರಿಕೆಯವನು ಕ್ಯಾಮೆರಾದಲ್ಲಿ ಕಣ್ಣಿಟ್ಟು ಕೈ ಬೀಸಿದ.

"ಮೇಡಂ, ಸ್ವಲ್ಪ ಅಂಚಿಗೆ ಸರೀತೀರಾ? ಹಿನ್ನೆಲೆ ಖಾಲಿ ಇದ್ರೆ ಸರ್ ಚೆನ್ನಾಗಿ ಬರ್ತಾರೆ."