ಪಾಲಿನ ಯಂತ್ರ

ಹುಲ್ಲುಗಾವಲಿನ ನಟ್ಟನಡುವೆ ಫಟ್ಟೆಂದು ಸದ್ದಾಯಿತು. ಟ್ರ್ಯಾಕ್ಟರಿನ ಹಿಂದೆ ಹುಲ್ಲು ಕೊಯ್ಯುತ್ತಿದ್ದ ಯಂತ್ರ ನಿಂತೇಹೋಯಿತು. ಗೇರಿನ ಓಟವನ್ನು ಅಲಗಿಗೆ ಮುಟ್ಟಿಸುವ ದಂಡ ಎರಡು ತುಂಡಾಗಿ ಬಿದ್ದಿತ್ತು.

"ದಂಡ ನಿನ್ನ ಪಾಲಿನದು. ನೀನೇ ತಂದು ಹಾಕು," ಎಂದ ಓಮುರ್ಜಾಕ್, ಟ್ರ್ಯಾಕ್ಟರಿನಿಂದ ಇಳಿಯುತ್ತ.

"ಅಹಾ! ಮದುವೆಮನೆಗೆ ಹೊರಟ ಕುದುರೆ ಥರ ಓಡಿಸಿ ಮುರಿದೋನು ನೀನು, ದಂಡ ಮಾತ್ರ ನಂದಾ?" ಎಂದ ಪಕ್ಕದ ಮನೆಯ ಜೀನಾಲಿ.

ಊರಿನ ಸಾಮೂಹಿಕ ಬೇಸಾಯ ಮುಗಿದು, ಇದ್ದಬದ್ದ ಸಾಮಾನನ್ನೆಲ್ಲ ಚೀಟಿ ಎತ್ತಿ ಹಂಚಿದಾಗ ಈ ಯಂತ್ರವೂ ಎರಡು ಪಾಲಾಗಿತ್ತು. ಟ್ರ್ಯಾಕ್ಟರು, ಚೌಕಟ್ಟು, ಗೇರು ಓಮುರ್ಜಾಕನಿಗೆ. ಅಲಗಿನ ಪಟ್ಟಿ ಜೀನಾಲಿಗೆ. ನಡುವಿನ ದಂಡ ಯಾರದೆಂದು ಆ ಗದ್ದಲದಲ್ಲಿ ಯಾರೂ ಕೇಳಿರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಎರಡನ್ನೂ ಜೋಡಿಸಿ ಇಬ್ಬರೂ ಹುಲ್ಲು ಕೊಯ್ದುಕೊಳ್ಳುತ್ತಿದ್ದರು. ಈಗ ಮಾತಿಗೆ ಮಾತು ಬೆಳೆಯಿತು. ಜೀನಾಲಿ ತನ್ನ ಅಲಗು ಬಿಚ್ಚಿ, ಕತ್ತೆಗಾಡಿಗೆ ಹೇರಿಕೊಂಡು ಮನೆಗೆ ನಡೆದೇಬಿಟ್ಟ.

ಓಮುರ್ಜಾಕ್ ಅತ್‌ಬಾಶಿ ಸಂತೆಗೆ ಹೋದ. ಹಳೇ ಕಬ್ಬಿಣ ಮಾರುವವನು ನಕ್ಕ. "ಬರೀ ದಂಡ ಎಲ್ಲಿಂದ ತರ್ಲಿ ಅಣ್ಣಾ? ಎಲ್ಲಕ್ಕಿಂತ ಮೊದಲು ಮುರಿಯೋದೇ ಅದು. ಬೇಕಿದ್ರೆ ಅಲಗಿನ ಸಮೇತ ಒಂದಿದೆ, ತಗೊಂಡು ಹೋಗು." ಹಟಕ್ಕೆ ಬಿದ್ದ ಓಮುರ್ಜಾಕ್ ಕೊಬ್ಬಿದ ಟಗರೊಂದನ್ನು ಕೊಟ್ಟು ಅದನ್ನೇ ತಂದ. ಮಾರನೆಯ ದಿನ ಮಧ್ಯಾಹ್ನದೊಳಗೆ ಅವನ ಹುಲ್ಲೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಲೀಸಾಗಿ ಕೊಯ್ಲಾಯಿತು. ಇನ್ನು ಜೀನಾಲಿಯ ಹಂಗಿಲ್ಲ ಎಂದುಕೊಂಡು ಚಹಾಕ್ಕೆ ಮನೆಗೆ ಬಂದ.

ಹೆಂಡತಿ ಉಪೋಲ್ ಬಟ್ಟಲು ಮುಂದಿಟ್ಟಳು. "ಜೀನಾಲಿ ಉದ್ದನೆ ಕುಡುಗೋಲು ಹಿಡಿದು ಒಬ್ಬನೇ ಒದ್ದಾಡ್ತಿದ್ದಾನೆ. ಬೆಟ್ಟದ ಮೇಲೆ ಮೋಡ ಕೂತಿದೆ. ಮಳೆ ಹೊಡೆದ್ರೆ ಹುಲ್ಲು ಕೊಳೆಯುತ್ತೆ. ಚಳಿಗಾಲಕ್ಕೆ ಅವನ ಹಸುಗಳು ಮಣ್ಣು ತಿನ್ಬೇಕಾ? ಹೋಗಿ ಕೊಯ್ದುಕೊಡಿ."

"ಬಾಯ್ಬಿಟ್ಟು ಕೇಳ್ಲಿ."

"ಕೇಳೋ ಜನ್ಮ ಅಲ್ಲ ಅದು. ಸುಮ್ನೆ ಕೊಯ್ದುಕೊಟ್ರೂ ಭಿಕ್ಷೆ ಹಾಕ್ದ ಅಂತ ಕೊರಗ್ತಾನೆ. ನೀವಾಗಿದ್ರೆ ಕೊರಗ್ತಿರಲಿಲ್ವಾ?"

ಓಮುರ್ಜಾಕ್ ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಎಷ್ಟಾದರೂ ಒಟ್ಟಿಗೆ ತಲೆ ನರೆತವರು. ಎದ್ದು ಹೋಗಿ ಟ್ರ್ಯಾಕ್ಟರ್ ಚಾಲೂ ಮಾಡಿದ.

ದುಡಿಯುವವರ ಪಕ್ಕದಲ್ಲಿ ಹಾದುಹೋಗುವಾಗ 'ದಣಿವಾಗದಿರಲಿ' ಎನ್ನದವನು ಆ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ. ಹಗೆಯವನಿಗೂ ಅನ್ನಲೇಬೇಕು, ಅವನೂ ಉತ್ತರ ಕೊಡಲೇಬೇಕು. ಜೀನಾಲಿಯ ಹುಲ್ಲುಗಾವಲಿನ ಅಂಚಿನಲ್ಲಿ ಓಮುರ್ಜಾಕ್ ಟ್ರ್ಯಾಕ್ಟರ್ ನಿಲ್ಲಿಸಿದ.

"ದಣಿವಾಗದಿರಲಿ, ಜೀನಾಲಿ."

"ನೀನೂ ಚೆನ್ನಾಗಿರು," ಎಂದ ಜೀನಾಲಿ, ಮುಖ ನೋಡದೆ.

ಓಮುರ್ಜಾಕ್ ಕೆಮ್ಮಿದ. "ಸಂತೆಯವನು ಟೋಪಿ ಹಾಕಿಬಿಟ್ಟ ಕಣೋ. ದಂಡವೇನೋ ಗಟ್ಟಿಯಾಗಿದೆ, ಈ ಅಲಗು ಮಾತ್ರ ಶುದ್ಧ ಮೊಂಡು. ಹುಲ್ಲು ಕೊಯ್ಯಲ್ಲ, ಜಗಿಯುತ್ತೆ. ನಿನ್ನ ಅಲಗು ಇಲ್ದಿದ್ರೆ ನನ್ನ ಗತಿ ಮುಗೀತು."

ಜೀನಾಲಿ ತಲೆಯೆತ್ತಿ ಆಚೆಯ ಹುಲ್ಲುಗಾವಲನ್ನು ನೋಡಿದ. ಓಮುರ್ಜಾಕನ ನೆಲ ಆಗಷ್ಟೇ ಕ್ಷೌರ ಮಾಡಿಸಿಕೊಂಡ ಕೆನ್ನೆಯಂತೆ ನುಣ್ಣಗಿತ್ತು. ಜೀನಾಲಿ ಹತ್ತಿರ ಬಂದು, ಬಗ್ಗಿ, ಹೊಸ ಅಲಗಿನ ಮೇಲೆ ಹೆಬ್ಬೆರಳಾಡಿಸಿದ. ಬೆರಳಿನಿಂದ ರಕ್ತ ಚಿಮ್ಮಿತು.

"ಹೌದು ಕಣೋ, ಶುದ್ಧ ಮೊಂಡು," ಎಂದ. "ಇರು, ನನ್ನದನ್ನ ತರ್ತೀನಿ."

ಬೆರಳನ್ನು ಬಾಯಲ್ಲಿಟ್ಟುಕೊಂಡು ಮನೆಯತ್ತ ಓಡಿದ.