ಬೀರುವಿನೊಳಗಿನ ಪೊಂಗಲ್

ಪೊಂಗಲ್ ಘಮ ಹಿಡಿದೇ ಹಾಸ್ಟೆಲ್ ವಾರ್ಡನ್ ನಮ್ಮ ರೂಮಿಗೆ ನುಗ್ಗಿದರು. ಹಿಂದೆಯೇ ಎಲೆಕ್ಟ್ರಿಷಿಯನ್.

"ಬೀರು ತೆಗೀರಿ ಅಂತ ಜಗಳ ಆಡಲ್ಲ ನಾನು. ಮೀಟರೇ ಹೇಳುತ್ತೆ. ಅಡುಗೆ ಮಾಡ್ತಿದ್ರೆ ಇಬ್ರೂ ಇವತ್ತೇ ರೂಮ್ ಖಾಲಿ ಮಾಡ್ಬೇಕು."

ಬೀರುವಿನೊಳಗೆ ಕರೆಂಟ್ ಕುಕ್ಕರಿನಲ್ಲಿ ಪೊಂಗಲ್ ಇನ್ನೂ ಬೇಯುತ್ತಲೇ ಇತ್ತು. ಎಲೆಕ್ಟ್ರಿಷಿಯನ್ ಫ್ಯಾನು, ಲೈಟು ಆರಿಸಿ, ರೂಮಿಗೆ ಬರುವ ಎರಡು ವೈರುಗಳ ಸುತ್ತ ಕ್ಲ್ಯಾಂಪ್ ಮೀಟರ್ ಹಿಡಿದರು. ತಂತಿ ಮುಟ್ಟದೆಯೇ ಕರೆಂಟ್ ಅಳೆಯುವ ಮೀಟರ್ ಅದು.

"ಸೊನ್ನೆ ಮೇಡಂ. ಏನೂ ಓಡ್ತಿಲ್ಲ."

"ಸಾರಿ ಕಣ್ರೇ," ಎಂದು ವಾರ್ಡನ್ ಬಾಗಿಲ ಕಡೆ ತಿರುಗಿದರು. ನಾನು ಉಸಿರು ಬಿಟ್ಟೆ. ಎಲೆಕ್ಟ್ರಿಕಲ್ ಬ್ರ್ಯಾಂಚಿಗೇ ಟಾಪರ್ ಆದ ನನ್ನ ರೂಮ್‌ಮೇಟ್ ಮಾತ್ರ ಚಡಪಡಿಸುತ್ತಿದ್ದಳು. ಅವಳಿಂದ ತಡೆಯಲಾಗಲಿಲ್ಲ.

"ಅಣ್ಣಾ, ಎರಡೂ ವೈರ್ ಒಟ್ಟಿಗೆ ಹಿಡಿದ್ರೆ ಹೋಗೋ ಕರೆಂಟು, ವಾಪಸ್ ಬರೋ ಕರೆಂಟು ಕ್ಯಾನ್ಸಲ್ ಆಗಿ ಸೊನ್ನೇನೇ ಬರೋದು! ಒಂದನ್ನೇ ಹಿಡೀರಿ, ಕರೆಕ್ಟಾಗಿ ಮೂರು ಆಂಪಿಯರ್ ತೋರಿಸುತ್ತೆ!"