ಆಲ್ಬಮ್ಮಿನ ಕೊನೆಯ ಹಾಳೆ

ಮಗಳ ನೋಟುಬುಕ್ಕಿಗೆ ರಟ್ಟು ಹಚ್ಚಲೆಂದು ಇಂದು ಮೈದಾ ಅಂಟು ಕಾಯಿಸಿದೆ. ಆ ವಾಸನೆಗೆ ನಾನು ಸಣ್ಣವಳಿದ್ದಾಗಿನ ಮುನವಳ್ಳಿಯ ಮನೆಯ ಪಡಸಾಲೆ ಕಣ್ಣೆದುರು ಬಂದು ಕೂತಿತು.

ಅಪ್ಪನ ತಂಗಿ, ನನ್ನ ಅತ್ತೆ, ಗಂಡನ ಮನೆ ಬಿಟ್ಟು ಬಂದು ನಾಲ್ಕು ತಿಂಗಳಾಗಿತ್ತು. ತನ್ನ ಮದುವೆಯ ಆಲ್ಬಮ್ಮಿನಿಂದ ಫೋಟೋಗಳನ್ನೆಲ್ಲ ಕಿತ್ತು, ಆ ದಪ್ಪ ಹಾಳೆಗಳ ಮೇಲೆ ಹಾರುವ ಮನುಷ್ಯರ ಪುಸ್ತಕ ಮಾಡುತ್ತಿದ್ದಳು. ತೋಳಿಗೆ ಮೊರ ಕಟ್ಟಿಕೊಂಡ ಮುದುಕ, ಸೆರಗನ್ನೇ ರೆಕ್ಕೆ ಮಾಡಿಕೊಂಡ ಹೆಂಗಸು. ಅವರಿಗೆ ಪಾರಿವಾಳದ ಗರಿ ಅಂಟಿಸುವುದು ನನ್ನ ಕೆಲಸ.

"ಮನಷ್ಯಾರಿಗೆ ಹಾರಾಕ ಬರತೈತೇನ ಅತ್ತಿ?"

"ಇನ್ನೂ ಕಲಿಯಾಕ ಹತ್ತೇವಿ," ಎಂದು ನಕ್ಕಳು.

ಒಳಗಿನಿಂದ ಅಜ್ಜಿ ಕೂಗಿದಳು. "ಸಾಕ ಬಿಡ ಆ ಆಟಾ. ನಾಳೆ ಅಳಿಯಾರು ಕರಿಯಾಕ ಬರ್ತಾರ, ನಿನ್ನ ಸೀರಿ ತಗದ ಇಡು."

ಅತ್ತೆ ಕೊನೆಯ ಹಾಳೆಯಲ್ಲಿ ಬರೀ ಹೊಳೆಯನ್ನು ಬಿಡಿಸಿದಳು.

"ಇದರ ಮ್ಯಾಲ ಯಾರು ಹಾರೂದು?" ಎಂದೆ.

"ಗರಿ ಹಚ್ಚಿದ ಅಂಟು ಆರಲಿ, ಹೇಳತೇನಿ," ಎಂದು ಆಲ್ಬಮ್ಮನ್ನು ನನ್ನ ತೊಡೆಯ ಮೇಲಿಟ್ಟು ಎದ್ದು ಹೋದಳು.

ಅಂಟು ಆರುವ ಮೊದಲೇ ಓಣಿಯಲ್ಲಿ ಯಾರೋ ಚೀರಿದರು. "ನಿಮ್ಮ ಮಗಳು ಹೊಳಿ ಹಾರ್ಯಾಳರಿ!"

ಅಜ್ಜಿ ಬಾಯಿ ಬಡಿದುಕೊಳ್ಳುತ್ತ ಓಡಿದಳು. ನನಗೋ ಹಿಡಿಸಲಾರದಷ್ಟು ಖುಷಿ. ಆಲ್ಬಮ್ಮನ್ನು ಎದೆಗವಚಿಕೊಂಡು ನಾನೂ ಹಿಂದೆ ಓಡಿದೆ. ದಂಡೆಯ ಮೇಲೆ ಊರೆಲ್ಲ ನೀರನ್ನೇ ನೋಡುತ್ತ ನಿಂತಿತ್ತು.

ನಾನೊಬ್ಬಳೇ ಆಚೆ ದಡದ ಜೋಳದ ಹೊಲದಲ್ಲಿ ಅತ್ತೆಯನ್ನು ಹುಡುಕುತ್ತಿದ್ದೆ.